ಇರುಳಿಗೆ ಕಣ್ಣು ತೆರೆದ ಅಗ್ಗದ ಕ್ಯಾಮೆರಾ

ಛಾಯಾಗ್ರಹಣ ಹುಟ್ಟಿದ್ದೇ ಹಗಲಿನ ಕಸುಬಾಗಿ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಾಚೆಯ ಚಾವಣಿಗಳನ್ನು ಲೋಹದ ತಗಡಿನ ಮೇಲೆ ಮೂಡಿಸಿದಾಗ ಆ ತಗಡು ಗಂಟೆಗಟ್ಟಲೆ ಬಿಸಿಲು ಕಾಣಬೇಕಾಯಿತು. ಲೂಯಿ ಡಗೇರ್ 1838ರಲ್ಲಿ ತೆಗೆದ ಪ್ಯಾರಿಸ್ ಬೀದಿಯ ಚಿತ್ರ ಹಗಲು ಹೊತ್ತಿನದಾದರೂ ಬೀದಿ ಬಿಕೋ ಎನ್ನುತ್ತದೆ. ಗಾಡಿಗಳೂ ಜನರೂ ಓಡಾಡುತ್ತಲೇ ಇದ್ದರು. ನಿಮಿಷಗಟ್ಟಲೆ ತೆರೆದಿದ್ದ ಕ್ಯಾಮೆರಾದ ಮುಂದೆ ಕದಲಿದ ಯಾವುದೂ ಉಳಿಯಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಒಂದೇ ಕಡೆ ನಿಂತಿದ್ದವನೊಬ್ಬನ ಆಕಾರ ಮಾತ್ರ ತಗಡಿನಲ್ಲಿ ಕೂತಿತು. ಬಿಸಿಲಿನಲ್ಲೇ ಈ ಪಾಡಾದರೆ ಇರುಳಿನ ಮಾತು ದೂರವೇ ಉಳಿಯಿತು.

ಎಷ್ಟು ದೂರ ಎಂಬುದನ್ನು ಅಂಕಿಗಳು ಹೇಳುತ್ತವೆ. ನೆತ್ತಿಯ ಬಿಸಿಲು ನೆಲಕ್ಕೆ ಸುಮಾರು 1 ಲಕ್ಷ ಲಕ್ಸ್‌ನಷ್ಟು ಬೆಳಕು ಚೆಲ್ಲುತ್ತದೆ. ಒಂದು ಮೀಟರ್ ದೂರದ ಮೇಣದಬತ್ತಿ ಕೊಡುವುದು ಸುಮಾರು 1 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಅದರ ಕಾಲುಭಾಗ. ಅಂದರೆ ಬಿಸಿಲಿಗೂ ಬೆಳದಿಂಗಳಿಗೂ ಸುಮಾರು 4 ಲಕ್ಷ ಪಟ್ಟು ಅಂತರ. ಮನುಷ್ಯನ ಕಣ್ಣು ಮೆಲ್ಲಮೆಲ್ಲಗೆ ಕತ್ತಲಿಗೆ ಒಗ್ಗಿಕೊಳ್ಳುವುದರಿಂದ ಈ ಅಂತರ ಯಾರ ಅರಿವಿಗೂ ಬರುವುದಿಲ್ಲ. ಕ್ಯಾಮೆರಾ ಮಾತ್ರ ಅದರ ಪೂರ್ತಿ ಬೆಲೆ ತೆರಬೇಕು.

ಬೇಸಿಗೆಯಲ್ಲಿ ಎಳೆಎಳೆಯಾಗಿ ಬರುವ ನಲ್ಲಿಯ ಕೆಳಗೆ ಕೊಡ ಇಟ್ಟು ಕಾಯುವವರಿಗೆ ಈ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ನೀರು ಎಷ್ಟೇ ಸಣ್ಣಗೆ ಬರಲಿ, ಸಾಕಷ್ಟು ಹೊತ್ತು ಬಿಟ್ಟರೆ ಕೊಡ ತುಂಬುತ್ತದೆ. ಸ್ಥಿರಚಿತ್ರದ ಕ್ಯಾಮೆರಾಕ್ಕೆ ಈ ಅನುಕೂಲ ಮೊದಲಿನಿಂದಲೂ ಇತ್ತು. ಚಲಿಸುವ ಚಿತ್ರಕ್ಕೆ ಅದು ಇಲ್ಲ. ಸೆಕೆಂಡಿಗೆ 25 ಚಿತ್ರಗಳ ವಿಡಿಯೊ ಎಂದರೆ ಪ್ರತಿ ಸೆಕೆಂಡೂ 25 ಕೊಡ ಬದಲಿಸಿದ ಹಾಗೆ. ಒಂದೊಂದಕ್ಕೂ ಸಿಗುವುದು ಹೆಚ್ಚೆಂದರೆ ಸೆಕೆಂಡಿನ 25ನೆಯ ಒಂದು ಭಾಗ, ರೂಢಿಯಲ್ಲಿ 50ನೆಯ ಒಂದು ಭಾಗ. ಟ್ರೈಪಾಡಿನ ಮೇಲೆ 10 ಸೆಕೆಂಡು ತೆರೆದಿಟ್ಟ ಫೋಟೊಗೆ ವಿಡಿಯೊದ ಒಂದು ಚೌಕಟ್ಟಿಗಿಂತ 500 ಪಟ್ಟು ಬೆಳಕು ದಕ್ಕುತ್ತದೆ. ಸಾಮಾನ್ಯರ ಕೈಗೆ ಇರುಳಿನ ಫೋಟೊ ಬೇಗ ಬಂದು, ಇರುಳಿನ ವಿಡಿಯೊ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿದದ್ದಕ್ಕೆ ಕಾರಣ ಇದೇ.

ಕತ್ತಲಲ್ಲಿ ಕ್ಯಾಮೆರಾಕ್ಕೆ ಮೊದಲು ಒಲಿದದ್ದು ಭೂಮಿಯಲ್ಲ, ಆಕಾಶ. ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ 1840ರಲ್ಲಿ ಸುಮಾರು 20 ನಿಮಿಷ ಕಾದು ಚಂದ್ರನ ಚಿತ್ರ ಪಡೆದ. 1850ರ ಜುಲೈನಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಂ ಬಾಂಡ್ ಮತ್ತು ಜಾನ್ ವಿಪಲ್ ಅಭಿಜಿತ್ ನಕ್ಷತ್ರವನ್ನು ತಗಡಿಗೆ ಇಳಿಸಿದರು. ಚಂದ್ರನಾಗಲಿ ನಕ್ಷತ್ರವಾಗಲಿ ಕ್ಯಾಮೆರಾದ ಮುಂದೆ ಚಡಪಡಿಸುವುದಿಲ್ಲ. ಭೂಮಿ ತಿರುಗಿದಂತೆ ದೂರದರ್ಶಕವನ್ನೂ ತಿರುಗಿಸುತ್ತ ಹೋದರೆ ಆಯಿತು. ಮನುಷ್ಯರನ್ನು ಹಾಗೆ ನಿಲ್ಲಿಸಲಾಗುವುದಿಲ್ಲ. 1860ರ ದಶಕದ ಮೊದಲಲ್ಲಿ ಪ್ಯಾರಿಸಿನ ಛಾಯಾಗ್ರಾಹಕ ನಾದಾರ್ ನೆಲದಡಿಯ ಎಲುಬಿನ ಸುರಂಗಗಳನ್ನೂ ಚರಂಡಿಗಳನ್ನೂ ಬ್ಯಾಟರಿಯ ಆರ್ಕ್ ದೀಪ ಹಚ್ಚಿ ಚಿತ್ರಿಸಿದಾಗ ಒಂದೊಂದು ಚಿತ್ರಕ್ಕೆ 18 ನಿಮಿಷದವರೆಗೂ ಹಿಡಿಯಿತು. ಅಷ್ಟು ಹೊತ್ತು ಅಲುಗದೆ ನಿಲ್ಲುವ ಆಳು ಸಿಗದೆ ಅವನು ಕೂಲಿಯವರ ಜಾಗದಲ್ಲಿ ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ.

ಕಾಯಲಾಗದ ಕಡೆ ಉಳಿದ ದಾರಿ ಬೆಳಕನ್ನೇ ಹೊತ್ತೊಯ್ಯುವುದು. ಮ್ಯಾಗ್ನೀಸಿಯಂ ಪಟ್ಟಿಯನ್ನು ಉರಿಸಿ ಚಿತ್ರ ತೆಗೆಯುವ ಕ್ರಮ 1864ರಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂತು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೊಹಾನೆಸ್ ಗೇಡಿಕೆ ಮ್ಯಾಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ಮಾಡಿದರು. ಅದು ಭಗ್ಗೆಂದು ಕ್ಷಣದಲ್ಲಿ ಉರಿದು ಮುಗಿಯುತ್ತಿತ್ತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ನ್ಯೂಯಾರ್ಕಿನ ವರದಿಗಾರ ಜೇಕಬ್ ರೀಸ್ ಅದನ್ನು ಹಿಡಿದು ನಗರದ ಕೊಳೆಗೇರಿಗಳ ಗಾಳಿಯಾಡದ ಕೋಣೆಗಳಿಗೆ ನುಗ್ಗಿದ. ಪುಡಿಯನ್ನು ಬಾಣಲೆಯಲ್ಲಿಟ್ಟು ಹೊತ್ತಿಸುವ ಈ ಕೆಲಸದಲ್ಲಿ ಎರಡು ಬಾರಿ ಮನೆಗೆ ಬೆಂಕಿ ತಗುಲಿತು, ಒಮ್ಮೆ ಅವನ ಮೈಮೇಲಿನ ಬಟ್ಟೆಗೇ ತಗುಲಿತು. ಆ ಚಿತ್ರಗಳನ್ನು ಆಧರಿಸಿ 1890ರಲ್ಲಿ ಹೊರಬಂದ ಅವನ ಪುಸ್ತಕ ನಗರದ ವಸತಿ ಸುಧಾರಣೆಗೆ ಒತ್ತಾಸೆಯಾಯಿತು. ಹಗಲಲ್ಲೂ ಕತ್ತಲು ತುಂಬಿದ ಕೋಣೆಯಲ್ಲಿ ಜನ ಹೇಗೆ ಮಲಗುತ್ತಾರೆ ಎಂಬುದು ಬೆಳಕಿನ ನೆರವಿಲ್ಲದೆ ಯಾರಿಗೂ ಕಾಣುವಂತಿರಲಿಲ್ಲ. ಇರುಳಿನ ಛಾಯಾಗ್ರಹಣದ ಅತಿ ದೊಡ್ಡ ಉಪಕಾರಗಳಲ್ಲಿ ಇದನ್ನು ಎಣಿಸಬೇಕು.

ಭಾರತದಲ್ಲಿ ಇದೇ ಪುಡಿ ಕಾಡು ಹೊಕ್ಕಿತು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡುಗಳಲ್ಲಿ ಹುಲಿ ನಡೆಯುವ ಜಾಡಿಗೆ ಅಡ್ಡಲಾಗಿ ತಂತಿ ಕಟ್ಟುತ್ತಿದ್ದರು. ಹುಲಿಯ ಕಾಲು ತಾಗಿದೊಡನೆ ಫ್ಲ್ಯಾಶ್ ಹೊತ್ತಿ ಶಟರ್ ಬಿಚ್ಚುತ್ತಿತ್ತು. 1927ರ ಅವರ ಪುಸ್ತಕದಲ್ಲಿ ಆ ಚಿತ್ರಗಳಿವೆ. ಪಟ್ಟೆಗಳ ವಿನ್ಯಾಸ ನೋಡಿ ಒಂದು ಹುಲಿಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಬಹುದೆಂದು ಆಗಲೇ ತೋರಿತ್ತು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮೆರಾಗಳನ್ನು ಹಾದಿಯ ಎರಡೂ ಬದಿಗೆ ಕಟ್ಟಿ, ಪಟ್ಟೆ ಹೋಲಿಸಿ, ಸಂಖ್ಯಾಶಾಸ್ತ್ರದ ವಿಧಾನದಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದರು. 1995ರಲ್ಲಿ ಪ್ರಕಟವಾದ ಆ ವಿಧಾನ ಮುಂದೆ ಹುಲಿ ಗಣತಿಯ ಅಡಿಗಲ್ಲಾಯಿತು. ಅಲ್ಲಿ ಬೇಕಾದದ್ದು ದುಬಾರಿ ಕ್ಯಾಮೆರಾ ಅಲ್ಲ. ಮಳೆಗೆ ಕೆಡದ, ನೂರಾರು ಕಡೆ ಕಟ್ಟಬಹುದಾದ ಸಾದಾ ಪೆಟ್ಟಿಗೆ ಮತ್ತು ನಂಬಬಹುದಾದ ಒಂದು ಫ್ಲ್ಯಾಶ್.

ಸಾಮಾನ್ಯರ ಕ್ಯಾಮೆರಾ ಬಂದದ್ದು 1900ರಲ್ಲಿ. ಕೊಡ್ಯಾಕ್ ಕಂಪನಿಯ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯ ಬೆಲೆ 1 ಡಾಲರ್. ಅದರ ಲೆನ್ಸಿನ ಕಂಡಿ ಸಣ್ಣದು, ಶಟರ್ ವೇಗ ಒಂದೇ. ಒಳ್ಳೆಯ ಬಿಸಿಲಿದ್ದರೆ ಮಾತ್ರ ಚಿತ್ರ. ಆದರೂ ಇಂಥ ಬಹುಪಾಲು ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ ಪುಟ್ಟ ಕೀಲಿ ಇರುತ್ತಿತ್ತು. ಮೇಜಿನ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಇಟ್ಟು ಆ ಕೀಲಿ ಎಳೆದರೆ ಒಂದು ಡಾಲರಿನ ಪೆಟ್ಟಿಗೆಯೂ ದೀಪ ಬೆಳಗಿದ ಬೀದಿಯನ್ನು ಹಿಡಿಯಬಲ್ಲುದಾಗಿತ್ತು. ಇರುಳಿನ ಫೋಟೊಗೆ ಬೇಕಾದ್ದು ಅಲುಗದ ನೆಲೆ ಮತ್ತು ತಾಳ್ಮೆ ಎಂಬುದು ಹೀಗೆ ಬೆಲೆಪಟ್ಟಿಯ ತೀರಾ ಕೆಳತುದಿಯಲ್ಲೇ ಸಾಬೀತಾಯಿತು.

ಈ ತಾಳ್ಮೆಯನ್ನು ಕಲೆಯಾಗಿಸಿದವರೂ ಇದ್ದರು. ಲಂಡನ್ನಿನ ಪಾಲ್ ಮಾರ್ಟಿನ್ 1895–96ರಲ್ಲಿ ಗ್ಯಾಸ್ ದೀಪದ ಬೀದಿಗಳನ್ನು ಚಿತ್ರಿಸಿದ. ಪ್ಯಾರಿಸಿನಲ್ಲಿ ನೆಲೆಸಿದ ಹಂಗೇರಿಯ ಬ್ರಸಾಯಿ 1930ರ ದಶಕದ ಆರಂಭದಲ್ಲಿ ಗಾಜಿನ ಪ್ಲೇಟುಗಳ ಸಣ್ಣ ಕ್ಯಾಮೆರಾ ಮತ್ತು ಟ್ರೈಪಾಡ್ ಹೊತ್ತು ರಾತ್ರಿಯಿಡೀ ಅಲೆದ. ಎಷ್ಟು ಹೊತ್ತು ತೆರೆದಿಡಬೇಕೆಂಬುದಕ್ಕೆ ಅವನ ಗಡಿಯಾರ ಸಿಗರೇಟು: ಸ್ವಲ್ಪ ಬೆಳಕಿದ್ದರೆ ಬೇಗ ಉರಿಯುವ ಒಂದು ಬಗೆ, ಗಾಢ ಕತ್ತಲಾದರೆ ನಿಧಾನವಾಗಿ ಉರಿಯುವ ಇನ್ನೊಂದು ಬಗೆ. ಮಂಜು, ಒದ್ದೆ ಕಲ್ಲುಹಾಸು, ದೀಪದ ಸುತ್ತಲಿನ ಪ್ರಭೆ ಇವು ಆ ಚಿತ್ರಗಳ ಜೀವ. ಮಳೆ ಬಿದ್ದ ನೆಲ ಬೆಳಕನ್ನು ಮರಳಿಸುವುದರಿಂದ ಇರುಳಿನ ಚಿತ್ರಕ್ಕೆ ಮಳೆಯೇ ಎರಡನೆಯ ದೀಪ ಎಂಬುದನ್ನು ಅವನಷ್ಟು ಚೆನ್ನಾಗಿ ಕಂಡವರು ಕಡಿಮೆ.

ಅದಕ್ಕೂ ಕೆಲವು ವರ್ಷ ಮೊದಲೇ ಜರ್ಮನಿಯಲ್ಲಿ ಲೆನ್ಸಿನ ಕಂಡಿಯನ್ನೇ ಹಿಗ್ಗಿಸುವ ಕೆಲಸ ನಡೆದಿತ್ತು. 1924ರಲ್ಲಿ ಬಂದ ಎರ್ಮಾನಾಕ್ಸ್ ಕ್ಯಾಮೆರಾಕ್ಕೆ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಎಫ್/2 ಲೆನ್ಸ್ ಇತ್ತು (ಎಫ್ ಅಂಕಿ ಸಣ್ಣದಾದಷ್ಟೂ ಕಂಡಿ ದೊಡ್ಡದು). ಆ ಕ್ಯಾಮೆರಾವನ್ನು ಮರೆಸಿಕೊಂಡು ಛಾಯಾಗ್ರಾಹಕ ಎರಿಖ್ ಸಾಲೊಮೊನ್ ನ್ಯಾಯಾಲಯಗಳಿಗೂ ರಾಜಕಾರಣಿಗಳ ಮಾತುಕತೆಯ ಕೋಣೆಗಳಿಗೂ ಹೋಗಿ, ಫ್ಲ್ಯಾಶ್ ಇಲ್ಲದೆ, ಯಾರ ಗಮನಕ್ಕೂ ಬಾರದಂತೆ ಚಿತ್ರ ತೆಗೆದ. ದೊಡ್ಡ ಕಂಡಿಯ ಲೆನ್ಸಿಗೆ ದೊಡ್ಡ ಗಾಜು ಬೇಕು, ಗಾಜು ದೊಡ್ಡದಾದಷ್ಟೂ ಅಂಚಿನ ದೋಷ ತಿದ್ದುವುದು ಕಷ್ಟ. ಆದ್ದರಿಂದ ಅಂಥ ಲೆನ್ಸ್ ಬಹುಕಾಲ ಪತ್ರಕರ್ತರ, ಸಿರಿವಂತರ ಸ್ವತ್ತಾಗಿಯೇ ಉಳಿಯಿತು.

ಫಿಲ್ಮಿನ ಸೂಕ್ಷ್ಮತೆ ಮಾತ್ರ ಎಲ್ಲರಿಗೂ ಒಟ್ಟಿಗೆ ಹೆಚ್ಚಿತು. ಕೊಡ್ಯಾಕ್‌ನ ಟ್ರೈ-ಎಕ್ಸ್ 1954ರಲ್ಲಿ 35 ಮಿ.ಮೀ. ರೀಲಿನಲ್ಲಿ ಬಂದು ಸುದ್ದಿ ಛಾಯಾಗ್ರಾಹಕರ ಬೆನ್ನೆಲುಬಾಯಿತು. 1976ರಲ್ಲಿ ಫ್ಯೂಜಿ 400 ವೇಗದ ಬಣ್ಣದ ನೆಗೆಟಿವ್ ತಂದಿತು. ವೇಗ ಹೆಚ್ಚಿದಂತೆ ಬೆಳ್ಳಿಯ ಕಣಗಳೂ ದೊಡ್ಡವಾಗಿ ಚಿತ್ರ ಮರಳುಮರಳಾಗುತ್ತಿತ್ತು. ಮತ್ತೊಂದು ತೊಡಕೂ ಇತ್ತು: ಸೆಕೆಂಡುಗಳನ್ನು ದಾಟಿ ತೆರೆದಿಟ್ಟರೆ ಫಿಲ್ಮ್ ಸೋಮಾರಿಯಾಗುತ್ತದೆ, 10 ಸೆಕೆಂಡು ಸಾಕೆಂದು ಲೆಕ್ಕ ಹೇಳಿದರೂ ಎಷ್ಟೋ ಹೆಚ್ಚು ಬೇಕಾಗುತ್ತದೆ. ಖಗೋಳವಿಜ್ಞಾನಿ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ 1900ರ ಸುಮಾರಿಗೆ ನಕ್ಷತ್ರಗಳ ಚಿತ್ರ ಅಳೆಯುವಾಗ ಈ ಗುಣವನ್ನು ಸೂತ್ರಕ್ಕೆ ಇಳಿಸಿದ.

ಭಾರತದ ಮಧ್ಯಮವರ್ಗದ ಮನೆಗಳಿಗೆ ಬಂದ ಆಗ್ಫಾ ಕ್ಲಿಕ್ 3 ಬ್ರೌನಿಯ ವಂಶದ್ದೇ. 120 ಫಿಲ್ಮಿನಲ್ಲಿ 12 ಚೌಕ ಚಿತ್ರ, ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಿಂದ ‘ಇಂದು’ ಹೆಸರಿನ ಕಪ್ಪುಬಿಳುಪು ಸಾಮಗ್ರಿ ತಯಾರಿಸಿದ ಮೇಲೆ ಸ್ಟುಡಿಯೊಗಳಿಗೆ ದೇಶೀ ಸರಕು ದೊರೆಯಿತು. ಆದರೂ ಸಂಜೆಯಾದ ಮೇಲೆ ಮನೆಯ ಕ್ಯಾಮೆರಾ ಬೀರು ಸೇರುತ್ತಿತ್ತು. ಹಬ್ಬ, ನಾಮಕರಣ, ಆರತಕ್ಷತೆ ಇರುಳಿಗೆ ಬಿದ್ದರೆ ಸ್ಟುಡಿಯೊದವರನ್ನು ಕರೆಸಬೇಕಿತ್ತು. ಅವರ ಫ್ಲ್ಯಾಶ್ ಎದುರಿನ ಮುಖಗಳನ್ನು ಬೆಳ್ಳಗೆ ಬೆಳಗಿಸಿ ಹಿಂದಿನ ಚಪ್ಪರವನ್ನೆಲ್ಲ ಕಪ್ಪಾಗಿಸುತ್ತಿತ್ತು. ಫ್ಲ್ಯಾಶ್ ಬೆಳಕು ದೂರ ಎರಡು ಪಟ್ಟಾದರೆ ಕಾಲುಭಾಗಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಯಕ್ಷಗಾನದ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬರೆದ ಬಣ್ಣದ ಆಳವೂ ಇದೇ ನೇರ ಬೆಳಕಿಗೆ ಸಪಾಟಾಗಿ ಹೋಗುತ್ತಿತ್ತು. ದೊಂದಿಯ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಪ್ರೇಕ್ಷಕರು ಕಂಡ ವೇಷ ಆ ಫೋಟೊಗಳಲ್ಲಿ ಇಲ್ಲ. ಅದು ನಿಜವಾದ ನಷ್ಟ.

ಮೈಸೂರು ಅರಮನೆ ಮಾತ್ರ ಬಡ ಕ್ಯಾಮೆರಾಕ್ಕೂ ಒಲಿದ ಇರುಳಿನ ವಸ್ತು. 1912ರಲ್ಲಿ ಮುಗಿದ ಈ ಕಟ್ಟಡಕ್ಕೆ ಹತ್ತಿರಹತ್ತಿರ ಒಂದು ಲಕ್ಷ ಬಲ್ಬುಗಳ ಅಲಂಕಾರವಿದೆ. ಕಟ್ಟಡ ಕದಲುವುದಿಲ್ಲ, ಬಲ್ಬುಗಳು ತಾವೇ ಬೆಳಕಿನ ಮೂಲ. ನಿಧಾನದ 100 ವೇಗದ ಫಿಲ್ಮ್ ತುಂಬಿದ ಸಾದಾ ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು ಕೆಲವು ಸೆಕೆಂಡು ತೆರೆದರೆ ಸಾಕಾಗುತ್ತಿತ್ತು. ಸೂರ್ಯ ಮುಳುಗಿ ಆಕಾಶದಲ್ಲಿ ನೀಲಿ ಇನ್ನೂ ಉಳಿದಿರುವ ಅರ್ಧ ಗಂಟೆಯೊಳಗೆ ದೀಪ ಹತ್ತಿದರೆ ಗೋಪುರದ ಹೊರಗೆರೆಯೂ ಆಕಾಶದಿಂದ ಬೇರೆಯಾಗಿ ನಿಲ್ಲುತ್ತದೆ.

ಸಿನಿಮಾದ ಕಥೆ ಬೇರೆ. ಅಲ್ಲಿ ಕಾಯಲು ಹೊತ್ತಿಲ್ಲ. ಆದ್ದರಿಂದ ಇರುಳಿನ ದೃಶ್ಯವನ್ನು ಹಗಲಿನಲ್ಲೇ ತೆಗೆದು, ಕಡಿಮೆ ಬೆಳಕು ಬಿಟ್ಟು, ನೀಲಿ ಬಣ್ಣ ಕೂಡಿಸಿ ರಾತ್ರಿ ಎನ್ನಿಸುವ ರೂಢಿ ಜಗತ್ತಿನೆಲ್ಲೆಡೆ ಇತ್ತು. ಹಳೆಯ ಚಿತ್ರಗಳ ಬೆಳದಿಂಗಳಲ್ಲಿ ಕಾಣುವ ನೆರಳುಗಳು ಎಷ್ಟೋ ಸಲ ಬಿಸಿಲಿನ ನೆರಳುಗಳೇ. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಮೇಣದಬತ್ತಿಯ ಬೆಳಕನ್ನಷ್ಟೇ ನಂಬಿ ಕೆಲವು ದೃಶ್ಯ ತೆಗೆಯಲು ಹೊರಟಾಗ ಬೇಕಾದದ್ದು ನಾಸಾಕ್ಕಾಗಿ ಜೈಸ್ ಕಂಪನಿ ಹತ್ತೇ ಹತ್ತು ತಯಾರಿಸಿದ್ದ ಎಫ್/0.7 ಲೆನ್ಸ್, ಅದಕ್ಕಾಗಿ ಕೊರೆದು ಬದಲಿಸಿದ ಕ್ಯಾಮೆರಾ, ಮತ್ತು ಹೆಚ್ಚು ಹೊತ್ತು ಸಂಸ್ಕರಿಸಿದ ಫಿಲ್ಮ್. ಛಾಯಾಗ್ರಾಹಕ ಜಾನ್ ಆಲ್ಕಾಟ್‌ಗೆ ಅದು ಆಸ್ಕರ್ ತಂದುಕೊಟ್ಟಿತು.

ಕುಬ್ರಿಕ್‌ಗಿಂತ ನಾಲ್ಕು ವರ್ಷ ಮೊದಲೇ ಮನೆಮಂದಿಗಾಗಿ ಇದೇ ಸವಾಲನ್ನು ಎದುರಿಸಿದ ಸಾಧನವೊಂದು ಬಂದಿತ್ತು. ಅದನ್ನು ಇಂದು ನೆನೆಯುವವರು ಕಡಿಮೆ. 1971ರಲ್ಲಿ ಕೊಡ್ಯಾಕ್ ಹೊರತಂದ ಎಕ್ಸ್‌ಎಲ್ 33 ಮತ್ತು ಎಕ್ಸ್‌ಎಲ್ 55 ಎಂಬ, ಸೂಪರ್ 8 ಫಿಲ್ಮಿನ ಮನೆಬಳಕೆಯ ಚಲನಚಿತ್ರ ಕ್ಯಾಮೆರಾಗಳಿಗೆ ಎಫ್/1.2 ಲೆನ್ಸ್ ಇತ್ತು. ತಿರುಗುವ ಶಟರಿನ ತೆರಪನ್ನು 230 ಡಿಗ್ರಿಗೆ ಅಗಲಿಸಿ ಪ್ರತಿ ಚೌಕಟ್ಟಿಗೂ ಸಿಗುವ ಹೊತ್ತನ್ನು ಹಿಗ್ಗಿಸಿದ್ದರು. ಜೊತೆಗೆ 160 ವೇಗದ ಬಣ್ಣದ ಫಿಲ್ಮ್. ದೊಡ್ಡ ಕಂಡಿ, ಹೆಚ್ಚು ಹೊತ್ತು, ಸೂಕ್ಷ್ಮ ಫಿಲ್ಮ್ ಮೂರನ್ನೂ ಒಂದೇ ಅಗ್ಗದ ಪೆಟ್ಟಿಗೆಯಲ್ಲಿ ಕೂಡಿಸಿ, ಹುಟ್ಟುಹಬ್ಬದ ಮೇಣದಬತ್ತಿಯನ್ನು ಕಣ್ಣು ಕುಕ್ಕುವ ದೀಪವಿಲ್ಲದೆ ಹಿಡಿಯುವ ಪ್ರಯತ್ನ ಅದು. ರೀಲು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು, ಚಿತ್ರ ಒರಟಾಗಿತ್ತು. ಆದರೂ ಮಂದ ಬೆಳಕಿನ ಚಲನಚಿತ್ರವನ್ನು ಸಾಮಾನ್ಯರ ಹಕ್ಕೆಂದು ಬಗೆದ ಮೊದಲ ಗಂಭೀರ ವಿನ್ಯಾಸವೆಂದು ಅದಕ್ಕೆ ಮನ್ನಣೆ ಸಲ್ಲಬೇಕು.

ಕರ್ನಾಟಕದ ಮದುವೆಗಳಿಗೆ 1980ರ ದಶಕದ ಕೊನೆ, 1990ರ ದಶಕದಲ್ಲಿ ವಿಡಿಯೊ ಬಂದಾಗ ಕತ್ತಲನ್ನು ಎದುರಿಸಿದ್ದು ಹ್ಯಾಲೊಜನ್ ದೀಪ. ವಿಎಚ್‌ಎಸ್ ಕ್ಯಾಮೆರಾ ಹೆಗಲಿಗೇರಿಸಿದವನ ಪಕ್ಕದಲ್ಲಿ ಉದ್ದದ ವೈರು ಎಳೆದುಕೊಂಡು ದೀಪ ಎತ್ತಿ ಹಿಡಿಯುವ ಹುಡುಗನೊಬ್ಬ ಇರಲೇಬೇಕು. ಆ ಬಿಸಿಗೆ ಧಾರೆಯ ಮಂಟಪದಲ್ಲಿ ಮದುಮಕ್ಕಳು ಬೆವರುತ್ತಿದ್ದರು, ಊಟದ ಪಂಕ್ತಿಯಲ್ಲಿ ಕೂತವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕ್ಯಾಮೆರಾಗಳ ಮೇಲೆ ‘1 ಲಕ್ಸ್’ ಎಂದು ಬರೆದಿರುತ್ತಿದ್ದುದೂ ಉಂಟು. ಅಷ್ಟು ಬೆಳಕಿನಲ್ಲಿ ಏನೋ ಒಂದು ಆಕಾರ ಕಂಡೀತೇ ಹೊರತು ಸೀರೆಯ ಬಣ್ಣ ಕಾಣುವುದಿಲ್ಲ. 1998ರಲ್ಲಿ ಸೋನಿ ಅತಿಗೆಂಪು ಬೆಳಕಿನ ನೈಟ್‌ಶಾಟ್ ತಂದಿತು. ಅದು ಪೂರ್ತಿ ಕತ್ತಲಲ್ಲೂ ಕೆಲಸ ಮಾಡಿದರೂ ಚಿತ್ರವೆಲ್ಲ ಹಸಿರಾಗಿ ಕಾಣುತ್ತಿತ್ತು.

ತಿರುವು ಬಂದದ್ದು ಸಿಲಿಕಾನಿನಿಂದ. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ, ಫಿಲ್ಮಿನ ಬದಲು ಬೆಳಕು ಹಿಡಿಯುವ ಸಿಸಿಡಿ ಎಂಬ ಸೆನ್ಸರಿಗೆ 2009ರ ನೊಬೆಲ್ ಸಂದಿತು. 1990ರ ದಶಕದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಬೆಳೆಸಿದ ಸಿಮಾಸ್ ಸೆನ್ಸರ್ ಸಾಮಾನ್ಯ ಚಿಪ್ ಕಾರ್ಖಾನೆಗಳಲ್ಲೇ ತಯಾರಾಗುವಂಥದ್ದು, ಆದ್ದರಿಂದ ಅಗ್ಗ. ಫಿಲ್ಮಿನ ಹಾಗೆ ದೀರ್ಘ ಹೊತ್ತಿಗೆ ಸೋಮಾರಿಯಾಗುವ ಗುಣ ಸೆನ್ಸರಿಗಿಲ್ಲ. ಆದರೆ ಬೆಳಕಿನದೇ ಒಂದು ಮಿತಿಯಿದೆ. ಬೆಳಕು ಹನಿಹನಿಯಾಗಿ, ಎಣಿಕೆ ತಪ್ಪಿ ಬೀಳುತ್ತದೆ. ಒಂದು ಪಿಕ್ಸೆಲ್‌ಗೆ 100 ಬೆಳಕಿನ ಕಣ ಬಿದ್ದರೆ ಏರುಪೇರು ಸುಮಾರು 10, ಅಂದರೆ ನೂರಕ್ಕೆ 10. 10,000 ಬಿದ್ದರೆ ಏರುಪೇರು 100, ಅಂದರೆ ನೂರಕ್ಕೆ 1 ಮಾತ್ರ. ಕತ್ತಲ ಚಿತ್ರದಲ್ಲಿ ಕಾಣುವ ಚುಕ್ಕಿಚುಕ್ಕಿ ಗದ್ದಲದ ದೊಡ್ಡ ಪಾಲು ಇದೇ. ಸೂಕ್ಷ್ಮತೆ ಸೂಚಿಸುವ ಐಎಸ್‌ಒ ಅಂಕಿ ಏರಿಸಿದರೆ ಹೆಚ್ಚುವುದು ದನಿ ಮಾತ್ರ, ಬೆಳಕಲ್ಲ.

ಹೀಗಾಗಿ ಸೆನ್ಸರಿನ ಅಳತೆಗೆ ಮಹತ್ವ ಬಂತು. ಸಣ್ಣ ಜೇಬಿನ ಕ್ಯಾಮೆರಾಗಳಲ್ಲಿ ಬಳಕೆಯಾದ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ., ಒಂದು ಇಂಚಿನದೆಂದು ಕರೆಯುವುದು 116, ಎಪಿಎಸ್-ಸಿ ಸುಮಾರು 370, ಪೂರ್ಣ ಚೌಕಟ್ಟಿನದು 864. 2000ದ ದಶಕದಲ್ಲಿ ಕಂಪನಿಗಳು ಮೆಗಾಪಿಕ್ಸೆಲ್‌ಗಳನ್ನು ಸಾರುತ್ತ 28 ಚದರ ಮಿ.ಮೀ. ಜಾಗವನ್ನೇ ಇನ್ನಷ್ಟು ಚೂರು ಮಾಡಿದವು. ಕೊಳ್ಳುವವರಿಗೆ ಆ ಪೈಪೋಟಿ ಮಾಡಿದ್ದು ಅನ್ಯಾಯ. ಇರುಳಿಗೆ ಬೇಕಾದ ಅಂಕಿಗಳು ಜಾಹೀರಾತಿನಲ್ಲಿ ಎದ್ದು ಕಾಣುತ್ತಿರಲಿಲ್ಲ. ಅದನ್ನು ತಿದ್ದಿದ ಮಾದರಿಗಳೂ ಬಂದವು. 2008ರ ಪ್ಯಾನಸಾನಿಕ್ ಎಲ್‌ಎಕ್ಸ್ 3 ಪಿಕ್ಸೆಲ್ ಸಂಖ್ಯೆಯನ್ನು ಹಿಡಿತದಲ್ಲಿಟ್ಟು ಎಫ್/2 ಲೆನ್ಸ್ ಕೊಟ್ಟಿತು. 2009ರಲ್ಲಿ ಸೋನಿ ಬೆನ್ನ ಕಡೆಯಿಂದ ಬೆಳಕು ಹಿಡಿಯುವ ಸೆನ್ಸರನ್ನು ಮನೆಬಳಕೆಯ ಕ್ಯಾಮೆರಾಗಳಿಗೆ ತಂದಿತು. ವೈರಿಂಗ್ ಹಿಂದಕ್ಕೆ ಸರಿದು ಬೆಳಕಿಗೆ ಇದ್ದ ಅಡ್ಡಿ ತಪ್ಪಿತು. 2012ರ ಆರ್‌ಎಕ್ಸ್ 100 ಒಂದು ಇಂಚಿನ ಸೆನ್ಸರನ್ನು ಜೇಬಿಗೆ ಇಳಿಸಿತು.

ವಿಡಿಯೊಗೆ ಬಾಗಿಲು ತೆರೆದದ್ದು 2008. ಆ ವರ್ಷ ನಿಕಾನ್ ಡಿ 90 ವಿಡಿಯೊ ಹಿಡಿಯುವ ಮೊದಲ ಡಿಎಸ್‌ಎಲ್‌ಆರ್ ಆಯಿತು, ಹಿಂದೆಯೇ ಕ್ಯಾನನ್ 5ಡಿ ಮಾರ್ಕ್ 2 ಪೂರ್ಣ ಚೌಕಟ್ಟಿನಲ್ಲಿ 1080 ಗೆರೆಗಳ ವಿಡಿಯೊ ಕೊಟ್ಟಿತು. ಛಾಯಾಗ್ರಾಹಕ ವಿನ್ಸೆಂಟ್ ಲಾಫೊರೆ ಅದರಲ್ಲಿ ನ್ಯೂಯಾರ್ಕಿನ ಇರುಳನ್ನು ಚಿತ್ರಿಸಿ ತೋರಿಸಿದಾಗ ವೃತ್ತಿಪರರೂ ಬೆರಗಾದರು. 2010ರ ಕ್ಯಾನನ್ 550ಡಿ ಅದೇ ಸೌಲಭ್ಯವನ್ನು ಕಡಿಮೆ ಬೆಲೆಗೆ ಇಳಿಸಿತು. ಅದರೊಡನೆ ಸಿಗುತ್ತಿದ್ದ 18–55 ಜೂಮ್ ಲೆನ್ಸ್ ಉದ್ದದ ತುದಿಯಲ್ಲಿ ಎಫ್/5.6, 1990ರಿಂದ ಮಾರಾಟದಲ್ಲಿದ್ದ ಪ್ಲಾಸ್ಟಿಕ್ ಮೈಯ 50 ಮಿ.ಮೀ. ಎಫ್/1.8 ಲೆನ್ಸ್ ಅದರ ಸುಮಾರು 10 ಪಟ್ಟು ಬೆಳಕು ಒಳಬಿಡುತ್ತದೆ. ಕಿರುಚಿತ್ರ ಮಾಡಹೊರಟ ಹುಡುಗರು ಮೊದಲು ಈ ಲೆನ್ಸಿಗೇ ದುಡ್ಡು ಕೂಡಿಸುತ್ತಿದ್ದುದು ಸರಿಯಾದ ಲೆಕ್ಕವೇ: ಹೊಸ ಕ್ಯಾಮೆರಾದ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಇಷ್ಟು ಬೆಳಕು ಬೇರೆ ಯಾವುದರಿಂದಲೂ ಸಿಗುತ್ತಿರಲಿಲ್ಲ. 50 ಹರ್ಟ್ಸ್ ವಿದ್ಯುತ್ತಿನ ನಾಡಿನಲ್ಲಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುವುದರಿಂದ ಶಟರನ್ನು 50ನೆಯ ಒಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟೆಗಳು ಮೂಡುವುದಿಲ್ಲ ಎಂಬುದನ್ನೂ ಆ ಹುಡುಗರೇ ಅನುಭವದಿಂದ ಕಲಿತರು.

2014ರ ಸೋನಿ ಎ7ಎಸ್ ಪೂರ್ಣ ಚೌಕಟ್ಟಿನಲ್ಲಿ ಕೇವಲ 12 ಮೆಗಾಪಿಕ್ಸೆಲ್ ಇಟ್ಟು ಐಎಸ್‌ಒ 4,09,600ರವರೆಗೆ ಹೋಯಿತು. ಬೆಳದಿಂಗಳಿನಲ್ಲೂ ಬಣ್ಣದ ವಿಡಿಯೊ ಸಾಧ್ಯವೆಂದು ಅದು ತೋರಿಸಿದರೂ ಬೆಲೆ ಸಾಮಾನ್ಯರದಾಗಿರಲಿಲ್ಲ. ಅಪರೂಪಕ್ಕೊಮ್ಮೆ ಇರುಳಿನಲ್ಲಿ ಚಿತ್ರ ತೆಗೆಯುವವರು ಸೆಕೆಂಡ್ ಹ್ಯಾಂಡ್ ಎಪಿಎಸ್-ಸಿ ಕ್ಯಾಮೆರಾ, ಎಫ್/1.8 ಲೆನ್ಸ್ ಮತ್ತು ಗಟ್ಟಿ ಟ್ರೈಪಾಡ್ ಇಷ್ಟಕ್ಕೇ ತೃಪ್ತರಾದರು.

ಮೊಬೈಲ್ ಬೇರೊಂದು ದಾರಿ ಹಿಡಿಯಿತು. ಅದರ ಸೆನ್ಸರ್ ಸಣ್ಣದು, ಕೈ ನಡುಗುವುದು ಖಚಿತ. ಒಂದೇ ಕೊಡವನ್ನು ಹೆಚ್ಚು ಹೊತ್ತು ಹಿಡಿಯಲಾಗದು. ಗೂಗಲ್ 2018ರಲ್ಲಿ ಪಿಕ್ಸೆಲ್ ಫೋನುಗಳಿಗೆ ಕೊಟ್ಟ ನೈಟ್ ಸೈಟ್ ಹಲವು ಸಣ್ಣ ಚೊಂಬುಗಳಲ್ಲಿ ಬೆಳಕು ಹಿಡಿದು ಕೂಡಿಸಿತು: ಕೈಯಲ್ಲಿದ್ದರೆ ಸೆಕೆಂಡಿನ ಮೂರನೆಯ ಒಂದು ಭಾಗದವರೆಗಿನ 15 ಚೌಕಟ್ಟುಗಳು, ಅವನ್ನು ಒಂದರ ಮೇಲೊಂದು ಹೊಂದಿಸಿ ಏರುಪೇರನ್ನು ಸರಾಸರಿಯಲ್ಲಿ ಕರಗಿಸುವ ಲೆಕ್ಕ. 2019ರಲ್ಲಿ ಇದು ಟ್ರೈಪಾಡಿನ ಮೇಲೆ 16 ಸೆಕೆಂಡಿನ 15 ಚೌಕಟ್ಟುಗಳಿಗೆ, ಒಟ್ಟು 4 ನಿಮಿಷಕ್ಕೆ ಬೆಳೆದು ಆಕಾಶಗಂಗೆಯನ್ನು ಫೋನಿಗೆ ಇಳಿಸಿತು. ಅದೇ ವರ್ಷ ಐಫೋನ್ 11ಕ್ಕೂ ನೈಟ್ ಮೋಡ್ ಬಂತು. ವಿಡಿಯೊಗೆ ಈ ಉಪಾಯ ಒಗ್ಗಲಿಲ್ಲ. ಚೌಕಟ್ಟುಗಳನ್ನು ಕೂಡಿಸಿ ಕಳೆಯುವ ಲೆಕ್ಕವನ್ನು ಸೆಕೆಂಡಿಗೆ 30 ಸಲ ಮಾಡಿ ಮುಗಿಸುವುದು ಫೋನಿನ ಶಕ್ತಿಗೆ ಮೀರಿತ್ತು. 2023ರ ಡಿಸೆಂಬರಿನಲ್ಲಿ ಪಿಕ್ಸೆಲ್ 8 ಪ್ರೊಗೆ ಬಂದ ಇರುಳಿನ ವಿಡಿಯೊ ಸೌಲಭ್ಯ ಆ ಲೆಕ್ಕವನ್ನು ಕಂಪನಿಯ ದೂರದ ಕಂಪ್ಯೂಟರುಗಳಿಗೆ ಒಪ್ಪಿಸಿತು. ತೆಗೆದ ವಿಡಿಯೊವನ್ನು ಅಲ್ಲಿಗೆ ಕಳಿಸಿ, ತಿಳಿಯಾದ ಪ್ರತಿ ಮರಳಿ ಬರುವವರೆಗೆ ಕಾಯಬೇಕಿತ್ತು.